ಗಡಿ ಮಕ್ಕಳ ಕಿರುಚಿತ್ರ: ಬರೆಯಲು ಬಾರದಿದ್ದರೇನು, ಮಾತಾಡಲು ಬರುತ್ತಲ್ಲ!

ಹೊಸೂರು: ಕ್ಯಾಮೆರಾ ಜೇಬಿನಲ್ಲೇ ಇದೆ. ಕಥೆ ಊರಲ್ಲೇ ಇದೆ. ನಟಿಸೋಕೆ ಗೆಳೆಯರಿದ್ದಾರೆ. ಆದರೂ ನಮ್ಮ ಕಡೆ ಕಾಲೇಜು ಹುಡುಗರು ಕಿರುಚಿತ್ರ ಮಾಡೋಣ ಅಂತ ಕೂತರೆ ಮೊದಲು ಏಳುವ ಪ್ರಶ್ನೆ ಒಂದೇ: ‘ಯಾವ ಭಾಷೆಯಲ್ಲಿ ಮಾಡೋದು?’

ಬೆಂಗಳೂರು, ಚೆನ್ನೈ ಹುಡುಗರಿಗೆ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಆದರೆ ಹೊಸೂರು, ಬಾಗಲೂರು, ಬೇರಿಕೆ, ತಳಿ, ಕೆಲಮಂಗಲ, ದೆಂಕಣಿಕೋಟೆ ಕಡೆಯವರಿಗೆ ಇದು ದಿನನಿತ್ಯದ ಪ್ರಶ್ನೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಅರ್ಜಿ ಬರೆಯಲು ಇಂಗ್ಲಿಷ್. ಕಿರುಚಿತ್ರಕ್ಕೇ ಇಲ್ಲಿ ಹಲವು ಹೆಸರು. ತಮಿಳಿನವರಿಗೆ ಅದು ‘ಕುರುಂಪಡಂ’, ತೆಲುಗಿನವರಿಗೆ ‘ಲಘುಚಿತ್ರಂ’, ಮರಾಠಿ ಮಾತಾಡುವ ಮನೆಗಳಲ್ಲಿ ‘ಲಘುಪಟ’. ಹುಡುಗರು ಮಾತ್ರ ಜಗಳವೇ ಬೇಡ ಅಂತ ‘ಶಾರ್ಟ್ ಫಿಲಂ’ ಅಂದುಬಿಡುತ್ತಾರೆ!

ಈ ಹಲವು ಭಾಷೆಗಳೇ ಗಡಿಯ ವಿದ್ಯಾರ್ಥಿಗೆ ಅಡ್ಡಿಯೋ, ಅಥವಾ ಅವೇ ಅವನ ಬಂಡವಾಳವೋ? ಇತ್ತೀಚಿನ ವರ್ಷಗಳಲ್ಲಿ ದೇಶದ ಬೇರೆ ಬೇರೆ ಕಡೆ ವಿದ್ಯಾರ್ಥಿಗಳು ತೆಗೆದ ಕಿರುಚಿತ್ರಗಳ ಕಥೆ ನೋಡಿದರೆ ಎರಡನೆಯದೇ ನಿಜ ಅನಿಸುತ್ತದೆ.

ಮಾತಿದೆ, ಅಕ್ಷರವಿಲ್ಲ

ವಿಷಯಕ್ಕೆ ಹೋಗುವ ಮೊದಲು ಇಲ್ಲಿನ ಪರಿಸ್ಥಿತಿ ಹೇಳಲೇಬೇಕು. ತಮಿಳುನಾಡು ಸರ್ಕಾರ 2006ರಲ್ಲಿ ತಮಿಳು ಕಲಿಕೆ ಕಾಯ್ದೆ ತಂದಿತು. ಅದರಂತೆ 2006-07ರಲ್ಲಿ ಒಂದನೇ ತರಗತಿಯಿಂದ ಶುರುವಾಗಿ, ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯ ಭಾಷೆಯಾಯಿತು. ಆ ತಂಡ 2015-16ರಲ್ಲಿ ಹತ್ತನೇ ತರಗತಿ ತಲುಪಿತು. ಕನ್ನಡ, ತೆಲುಗು, ಉರ್ದು ಮಕ್ಕಳ ಪರವಾಗಿ ಕೋರ್ಟಿನಲ್ಲಿ ಹೋರಾಟವೂ ನಡೆಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವರ್ಷದ ಹತ್ತನೇ ತರಗತಿ ತಮಿಳು ಪತ್ರಿಕೆಯಿಂದ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ವಿನಾಯಿತಿ ನೀಡಿತ್ತು.

ಇರುವ ರಾಜ್ಯದ ಭಾಷೆ ಕಲಿಯುವುದು ತಪ್ಪಲ್ಲ, ಕಲಿಯಲೇಬೇಕು. ಆದರೆ ಅದರ ಜೊತೆಗೆ ಇನ್ನೊಂದು ಆಗಿದೆ. ಮನೆಯಲ್ಲಿ ಸೊಗಸಾಗಿ ಕನ್ನಡ ಮಾತಾಡುವ, ಆದರೆ ಕನ್ನಡದಲ್ಲಿ ಬರೆಯಲು, ಓದಲು ಬಾರದ ಮಕ್ಕಳು ಗಡಿಯ ಮನೆಗಳಲ್ಲಿದ್ದಾರೆ. ಅಜ್ಜಿ ಹೇಳುವ ಗಾದೆ ಅರ್ಥವಾಗುತ್ತದೆ, ಬಸ್ಸಿನ ಮೇಲಿನ ಕನ್ನಡ ಬೋರ್ಡು ಅರ್ಥವಾಗುವುದಿಲ್ಲ.

ಇಂಥ ಹುಡುಗ ಕನ್ನಡದಲ್ಲಿ ಕಥೆ ಬರೆಯಲಾರ, ಕವನ ಬರೆಯಲಾರ. ಪತ್ರಿಕೆಗೆ ವಾಚಕರ ಪತ್ರವನ್ನೂ ಬರೆಯಲಾರ. ಆದರೆ ಅವನು ಕನ್ನಡದಲ್ಲಿ ಸಿನಿಮಾ ಮಾಡಬಲ್ಲ! ಏಕೆಂದರೆ ಸಿನಿಮಾಕ್ಕೆ ಬೇಕಿರುವುದು ಕಿವಿಗೆ ಬೀಳುವ ಭಾಷೆ. ಗಡಿಯಲ್ಲಿ ಕಿರುಚಿತ್ರ ಅನ್ನುವುದು ಬರೀ ಹುಡುಗರ ಶೋಕಿಯಲ್ಲ ಎನ್ನುವುದು ಇದಕ್ಕೇ. ಅಕ್ಷರ ಕೈತಪ್ಪಿದ ತಲೆಮಾರಿಗೆ ತನ್ನ ಮಾತನ್ನು ಉಳಿಸಿಕೊಳ್ಳಲು ಸಿಕ್ಕಿರುವ ದಾರಿ ಅದು.

ಪುಣೆಯಲ್ಲಿ ಕೂಗಿದ ಕನ್ನಡದ ಕೋಳಿ

‘ಕನ್ನಡದಲ್ಲಿ ಮಾಡಿದ್ರೆ ಯಾರು ನೋಡ್ತಾರೆ?’ ಎಂದು ಕೇಳುವವರಿಗೆ 2024ರ ಮೇ 23ರಂದು ಫ್ರಾನ್ಸಿನ ಕಾನ್‌ನಿಂದ ಉತ್ತರ ಬಂತು. ಅಂದು ಕಾನ್ ಚಿತ್ರೋತ್ಸವದಲ್ಲಿ, ಸಿನಿಮಾ ಶಾಲೆಗಳ ವಿದ್ಯಾರ್ಥಿಗಳಿಗಾಗಿಯೇ ಇರುವ ‘ಲಾ ಸಿನೆಫ್’ ವಿಭಾಗದ ಮೊದಲ ಬಹುಮಾನ ಕನ್ನಡದ ಕಿರುಚಿತ್ರವೊಂದಕ್ಕೆ ಸಿಕ್ಕಿತು. ನಿರ್ದೇಶಕ ಮೈಸೂರಿನ ಚಿದಾನಂದ ಎಸ್. ನಾಯ್ಕ್. ಓದಿದ್ದು ವೈದ್ಯಕೀಯ, ಹಿಡಿದದ್ದು ಸಿನಿಮಾ!

ಆ ವರ್ಷ 555 ಸಿನಿಮಾ ಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು. ಸ್ಪರ್ಧೆಗೆ ಆರಿಸಿದ್ದು 18 ಮಾತ್ರ. ಅದರಲ್ಲಿ ಮೊದಲನೆಯದಾಗಿ ಬಂದದ್ದು 16 ನಿಮಿಷದ ಈ ಚಿತ್ರ. ಬಹುಮಾನದ ಮೊತ್ತ 15 ಸಾವಿರ ಯೂರೊ.

ಕಥೆ ಏನು ಗೊತ್ತೆ? ನಮ್ಮ ಹಳ್ಳಿಗಳಲ್ಲಿ ಅಜ್ಜಿಯರು ಹೇಳುವ, ಕೋಳಿ ಕೂಗದಿದ್ದರೆ ಬೆಳಗಾಗುವುದಿಲ್ಲ ಎನ್ನುವ ಮುದುಕಿಯ ಕಥೆ. ಒಬ್ಬ ಮುದುಕಿ ಊರಿನ ಹುಂಜ ಕದಿಯುತ್ತಾಳೆ, ಊರಿಗೆ ಸೂರ್ಯನೇ ಹುಟ್ಟುವುದಿಲ್ಲ. ಇಷ್ಟೇ. ಇದನ್ನು ತೆಗೆದದ್ದು ಪುಣೆಯ ಫಿಲಂ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟಿನ ಟಿ.ವಿ. ವಿಭಾಗದ ಒಂದು ವರ್ಷದ ಕೋರ್ಸಿನ ಕೊನೆಯ ಅಭ್ಯಾಸವಾಗಿ. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಹೀಗೆ ನಾಲ್ಕು ವಿಭಾಗಗಳ ವಿದ್ಯಾರ್ಥಿಗಳು ಒಟ್ಟಾಗಿ ಮಾಡಬೇಕಾದ ಪಾಠ ಅದು. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕೇ ದಿನ.

ಇಲ್ಲಿ ಗಡಿಯವರು ಗಮನಿಸಬೇಕಾದ ಮಾತೊಂದಿದೆ. ಸಂಸ್ಥೆ ಇರುವುದು ಮಹಾರಾಷ್ಟ್ರದಲ್ಲಿ. ಕ್ಯಾಮೆರಾ ಹಿಡಿದವರು, ಸಂಕಲನ ಮಾಡಿದವರು ಬೇರೆ ಬೇರೆ ಕಡೆಯವರು. ಚಿತ್ರ ಮಾತ್ರ ಕನ್ನಡದ್ದು. ಕರ್ನಾಟಕದಿಂದ ಹೊರಗಿದ್ದೇವೆ ಎನ್ನುವುದು ಕನ್ನಡ ಚಿತ್ರ ಮಾಡದಿರಲು ಕಾರಣವಲ್ಲ!

ಅದೇ ಪುಣೆಯ ಸಂಸ್ಥೆಯಿಂದಲೇ ಗಿರೀಶ ಕಾಸರವಳ್ಳಿ ಕೂಡ ಬಂದವರು. ಔಷಧ ವಿಜ್ಞಾನ ಓದಿ ಸಿನಿಮಾಕ್ಕೆ ಬಂದ ಅವರ ವಿದ್ಯಾರ್ಥಿ ಚಿತ್ರ ‘ಅವಶೇಷ್’ಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತ್ತು. ನಂತರ 1977ರಲ್ಲಿ ಬಂದದ್ದು ‘ಘಟಶ್ರಾದ್ಧ’. ಆ ಚಿತ್ರದ ದುರಸ್ತಿಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು.

‘ಪಿಸ್ತುಲ್ಯಾ’ ಹೇಳುವ ಪಾಠ

ಪುಣೆಯಂಥ ದೊಡ್ಡ ಸಂಸ್ಥೆಗೆ ಸೀಟು ಸಿಕ್ಕರೆ ಸರಿ, ಸಿಗದವರು ಏನು ಮಾಡಬೇಕು? ಇದಕ್ಕೆ ಮರಾಠಿಯಲ್ಲಿ ಒಂದು ಉದಾಹರಣೆ ಇದೆ.

ಸೊಲ್ಲಾಪುರ ಜಿಲ್ಲೆಯ ಜೇವೂರಿನ ನಾಗರಾಜ ಮಂಜುಳೆ, ಅಹ್ಮದ್‌ನಗರದ (ಈಗಿನ ಅಹಿಲ್ಯಾನಗರ) ಒಂದು ಸಾಮಾನ್ಯ ಕಾಲೇಜಿನಲ್ಲಿ ಸಂವಹನ ಅಧ್ಯಯನದ ಎಂ.ಎ. ಓದುತ್ತಿದ್ದರು. ಕೋರ್ಸಿನ ಪ್ರಾಜೆಕ್ಟಿಗಾಗಿ 2009ರಲ್ಲಿ ಅವರು ತೆಗೆದ ಕಿರುಚಿತ್ರ ‘ಪಿಸ್ತುಲ್ಯಾ’. ಶಾಲೆಗೆ ಹೋಗಬೇಕೆಂಬ ಆಸೆಯ ಬಡ ಹುಡುಗನ ಕಥೆ. ಮುಖ್ಯ ಪಾತ್ರ ಮಾಡಿದ ಹುಡುಗ ಸೂರಜ್ ಪವಾರ್ ಯಾವ ನಟನಾ ಶಾಲೆಗೂ ಹೋದವನಲ್ಲ. 58ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಈ ಚಿತ್ರಕ್ಕೆ ಚೊಚ್ಚಲ ನಿರ್ದೇಶಕನ ಪ್ರಶಸ್ತಿ ಬಂತು. ಅಲ್ಲಿಂದ ಮುಂದೆ ‘ಫ್ಯಾಂಡ್ರಿ’ (2013), ಆಮೇಲೆ 2016ರಲ್ಲಿ ಇಡೀ ದೇಶ ಮಾತಾಡಿದ ‘ಸೈರಾಟ್’.

ಪ್ರಾಜೆಕ್ಟು ಅಂದರೆ ಗೈಡು ನೋಡಿ ನಾಲ್ಕು ಪುಟ ತುಂಬಿಸಿ ಬೈಂಡ್ ಮಾಡಿಸುವುದು ಎಂದುಕೊಂಡಿರುವ ಕಾಲೇಜುಗಳಿಗೆ ಇದು ತಿಳಿದಿರಲಿ. ದೊಡ್ಡ ನಗರವಲ್ಲ, ದೊಡ್ಡ ಸಂಸ್ಥೆಯಲ್ಲ. ಆದರೆ ತನಗೆ ಚೆನ್ನಾಗಿ ಗೊತ್ತಿದ್ದ ಬದುಕನ್ನೇ ಆ ವಿದ್ಯಾರ್ಥಿ ಆರಿಸಿಕೊಂಡ.

ನಾಳೆಯ ನಿರ್ದೇಶಕರು

ತಮಿಳಿನ ಕಡೆ ಕಿರುಚಿತ್ರಕ್ಕೆ ಮರ್ಯಾದೆ ತಂದುಕೊಟ್ಟದ್ದು ಟಿ.ವಿ. ಕಲೈಞರ್ ಟಿ.ವಿ.ಯಲ್ಲಿ 2009ರ ಹೊತ್ತಿಗೆ ಶುರುವಾದ ‘ನಾಳೈಯ ಇಯಕ್ಕುನರ್’ (ನಾಳಿನ ನಿರ್ದೇಶಕ) ಸ್ಪರ್ಧೆಯನ್ನು ಹೊಸೂರಿನ ಮನೆಗಳಲ್ಲೂ ನೋಡುತ್ತಿದ್ದರು. ಕಾರ್ತಿಕ್ ಸುಬ್ಬರಾಜ್, ನಲನ್ ಕುಮಾರಸಾಮಿ, ಬಾಲಾಜಿ ಮೋಹನ್ ಇವರೆಲ್ಲ ಆ ಸ್ಪರ್ಧೆಯಿಂದ ಬಂದವರು. ಕಾರ್ತಿಕ್ ಸುಬ್ಬರಾಜ್ 2012ರಲ್ಲಿ ‘ಪಿಜ್ಜಾ’ ತೆಗೆದರು. ಬಾಲಾಜಿ ಮೋಹನ್ ತಮ್ಮ ಕಿರುಚಿತ್ರವನ್ನೇ ಬೆಳೆಸಿ ಅದೇ ವರ್ಷ ದೊಡ್ಡ ಚಿತ್ರ ಮಾಡಿದರು. ಸಹಾಯಕ ನಿರ್ದೇಶಕನಾಗಿ ವರ್ಷಗಟ್ಟಲೆ ಕಾಯದೆ, ‘ಇದು ನನ್ನ ಕೆಲಸ ನೋಡಿ’ ಎಂದು ನಿರ್ಮಾಪಕರ ಮುಂದೆ ಇಡುವ ವಿಸಿಟಿಂಗ್ ಕಾರ್ಡ್ ಆಯಿತು ಕಿರುಚಿತ್ರ.

ತಮಿಳುನಾಡಿನ ಶಾಲಾ ಶಿಕ್ಷಣ ಇಲಾಖೆ 2022ರಲ್ಲಿ ಸರ್ಕಾರಿ ಶಾಲೆಗಳಲ್ಲಿ ತಿಂಗಳಿಗೊಂದು ಮಕ್ಕಳ ಸಿನಿಮಾ ತೋರಿಸಿ, ಅದರ ಬಗ್ಗೆ ಮಕ್ಕಳಿಂದಲೇ ಮಾತಾಡಿಸುವ ಕಾರ್ಯಕ್ರಮ ಶುರು ಮಾಡಿತು. ಸಿನಿಮಾ ಅಂದರೆ ಹೀರೊ, ಫೈಟು, ಹಾಡು ಅಷ್ಟೇ ಅಲ್ಲ ಎಂದು ಮಕ್ಕಳಿಗೆ ಚಿಕ್ಕಂದಿನಲ್ಲೇ ತಿಳಿಯುವುದು ಒಳ್ಳೆಯದೇ.

ನಮ್ಮ ಕಾಡಿನ ಮರಿ ಆಸ್ಕರ್‌ಗೆ

ಆಸ್ಕರ್ ಅಂದರೆ ಎಲ್ಲೋ ಅಮೆರಿಕದ್ದು ಎಂದುಕೊಳ್ಳುತ್ತೇವೆ. ಆದರೆ 2023ರ ಮಾರ್ಚ್‌ನಲ್ಲಿ ಕಿರು ಸಾಕ್ಷ್ಯಚಿತ್ರ ವಿಭಾಗದಲ್ಲಿ ಆಸ್ಕರ್ ಗೆದ್ದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಚಿತ್ರದ ಆನೆಮರಿ ರಘು ನಮ್ಮ ದೆಂಕಣಿಕೋಟೆ ಕಾಡಿನದು!

ತಾಯಾನೆ ವಿದ್ಯುತ್ ತಗುಲಿ ಸತ್ತ ಮೇಲೆ, ಗಾಯಗೊಂಡು ಒಂಟಿಯಾಗಿ ಸಿಕ್ಕಿದ್ದ ಈ ಮರಿಯನ್ನು 2017ರಲ್ಲಿ ಅರಣ್ಯ ಇಲಾಖೆಯವರು ನೀಲಗಿರಿಯ ಮುದುಮಲೆ ತೆಪ್ಪಕಾಡು ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಬೊಮ್ಮನ್, ಬೆಳ್ಳಿ ದಂಪತಿ ಅದನ್ನು ಮಗುವಿನಂತೆ ಸಾಕಿದರು. ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವೆಸ್ ಐದು ವರ್ಷ ಅವರ ಜೊತೆ ಓಡಾಡಿ ಸುಮಾರು 450 ಗಂಟೆಗಳಷ್ಟು ಚಿತ್ರೀಕರಿಸಿದರು ಎಂದು ವರದಿಯಾಗಿತ್ತು. ಅದರಲ್ಲಿ ಉಳಿದದ್ದು ಸುಮಾರು 40 ನಿಮಿಷ.

ಇದು ವಿದ್ಯಾರ್ಥಿ ಚಿತ್ರವಲ್ಲ ನಿಜ. ಆದರೆ ಇದರಲ್ಲಿ ವಿದ್ಯಾರ್ಥಿಗಳಿಗೆ ಎರಡು ಪಾಠ ಇವೆ. ಒಂದು, ತಾಳ್ಮೆ. ಇನ್ನೊಂದು, ನಾವು ‘ಆನೆ ಹಾವಳಿ’ ಎಂದು ಪೇಪರಿನಲ್ಲಿ ನಾಲ್ಕು ಸಾಲು ಓದಿ ಪುಟ ತಿರುಗಿಸುವ ಸುದ್ದಿಯಲ್ಲೇ ಜಗತ್ತು ನೋಡುವ ಕಥೆ ಇತ್ತು. ರಾಗಿ ಹೊಲ ಕಾಯಲು ಅಟ್ಟಣೆಯ ಮೇಲೆ ರಾತ್ರಿ ಕಳೆಯುವ ರೈತನ ಕಥೆಯೂ ಅಷ್ಟೇ ದೊಡ್ಡದು.

ಸಿಪ್ಕಾಟ್ ಗೇಟಿನಿಂದ ವೀರಗಲ್ಲಿನವರೆಗೆ

‘ಕಥೆ ಏನ್ ಸಾರ್ ಮಾಡೋದು?’ ಎನ್ನುವವರು ಸಿನಿಮಾದ ಮೊದಲ ದಿನಗಳನ್ನು ನೆನೆಯಬೇಕು. ಫ್ರಾನ್ಸಿನ ಲೂಮಿಯೇರ್ ಸಹೋದರರು 1895ರಲ್ಲಿ ತೆಗೆದ ಮೊದಮೊದಲ ಚಿತ್ರಗಳಲ್ಲಿ ಒಂದು, ಕಾರ್ಖಾನೆಯಿಂದ ಕೆಲಸಗಾರರು ಹೊರಬರುವ ದೃಶ್ಯ. ಒಂದು ನಿಮಿಷವೂ ಇಲ್ಲ. ಹೊಸೂರಿನ ಸಿಪ್ಕಾಟ್‌ನಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಎದುರು ಕ್ಯಾಮೆರಾ ಇಟ್ಟರೆ ಅದೇ ದೃಶ್ಯ ಸಿಗುತ್ತದೆ. ಅದರಲ್ಲಿ ಬಿಹಾರದ ಹುಡುಗ ಯಾರು, ಅಂಚೆಟ್ಟಿಯ ಹುಡುಗಿ ಯಾರು, ಯಾರ ಟಿಫನ್ ಬಾಕ್ಸಿನಲ್ಲಿ ಮುದ್ದೆ ಇದೆ ಎಂದು ಹುಡುಕಿದರೆ ಕಥೆ ತಾನಾಗಿ ಬರುತ್ತದೆ.

ಹೊಸೂರಿನ ಸುತ್ತ ಗುಲಾಬಿ ತೋಟಗಳಿವೆ. ಕೃಷ್ಣಗಿರಿ ಕಡೆ ಮಾವಿನ ತೋಪು, ಮಾವಿನ ತಿರುಳಿನ ಕಾರ್ಖಾನೆಗಳಿವೆ. ರಾಯಕೋಟೆಯ ಟೊಮೆಟೊ ಮಾರುಕಟ್ಟೆಯಲ್ಲಿ ಒಂದು ದಿನ ಬೆಲೆ ಏರಿ ಇನ್ನೊಂದು ದಿನ ಬೀಳುವ ಆಟವಿದೆ. ಜಿಲ್ಲೆಯಲ್ಲಿ ಎಲ್ಲೆಂದರಲ್ಲಿ ವೀರಗಲ್ಲುಗಳು ನಿಂತಿವೆ, ಕೆಲವನ್ನು ಕೃಷ್ಣಗಿರಿಯ ಸರ್ಕಾರಿ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಬರಗೂರು ಬಳಿಯ ಮಯಿಲಾಡುಂಪಾರೆಯಲ್ಲಿ ಸಿಕ್ಕ ಕಬ್ಬಿಣ ಕ್ರಿ.ಪೂ. 2172ರ ಕಾಲದ್ದು ಎಂದು ತಮಿಳುನಾಡು ಸರ್ಕಾರ 2022ರಲ್ಲಿ ಪ್ರಕಟಿಸಿತು. ನಾಲ್ಕು ಸಾವಿರ ವರ್ಷದ ಕಬ್ಬಿಣದ ಊರು, ಅದೇ ಜಿಲ್ಲೆಯಲ್ಲಿ ಇಂದು ಮೋಟಾರ್‌ಸೈಕಲ್ ತಯಾರಿಸುವ ಊರು! ಸಾಕ್ಷ್ಯಚಿತ್ರಕ್ಕೆ ಇನ್ನೇನು ಬೇಕು?

ಕಾಸರಗೋಡಿನ ಗಡಿ ಕನ್ನಡ ಶಾಲೆಯ ಕಥೆ 2018ರಲ್ಲಿ ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ ಚಿತ್ರವಾಗಿ ಬಂದು ಮಕ್ಕಳ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ತಳಿ, ದೆಂಕಣಿಕೋಟೆ ಕಡೆಯ ಕನ್ನಡ ಶಾಲೆಗಳ ಕಥೆಯನ್ನು ಬೇರೆಯವರು ಬಂದು ಹೇಳಲಿ ಎಂದು ಕಾಯಬೇಕೆ? ಅಲ್ಲಿ ಓದಿದ ಮಕ್ಕಳೇ ಹೇಳಬಹುದಲ್ಲ.

ಪಾತ್ರದ ಭಾಷೆಯೇ ಚಿತ್ರದ ಭಾಷೆ

ಹಾಗಾದರೆ ಯಾವ ಭಾಷೆ? ಉತ್ತರ ಸರಳವಾಗಿದೆ. ಆ ಪಾತ್ರ ನಿಜಜೀವನದಲ್ಲಿ ಯಾವ ಭಾಷೆ ಆಡುತ್ತದೋ ಅದೇ. ಅಜ್ಜಿ ಕನ್ನಡ ಆಡಲಿ, ಬಸ್ ಕಂಡಕ್ಟರ್ ತಮಿಳು ಆಡಲಿ, ಹೂವಿನ ವ್ಯಾಪಾರಿ ತೆಲುಗು ಆಡಲಿ. ನಮ್ಮೂರಿನಲ್ಲಿ ಒಂದೇ ವಾಕ್ಯದಲ್ಲಿ ಮೂರು ಭಾಷೆ ಬರುವುದಿಲ್ಲವೆ? ಅದನ್ನು ಶುದ್ಧ ಮಾಡಲು ಹೋದರೆ ಚಿತ್ರವೇ ಸುಳ್ಳಾಗುತ್ತದೆ. ಕೆಳಗೆ ಸಬ್‌ಟೈಟಲ್ ಕೊಟ್ಟರೆ ಎಲ್ಲರಿಗೂ ಅರ್ಥವಾಗುತ್ತದೆ.

ಮನೆಮಾತು ಒಂದು, ಬರೆಯುವ ಭಾಷೆ ಇನ್ನೊಂದು ಆಗುವುದು ನಮಗೆ ಹೊಸದೂ ಅಲ್ಲ. ಇಲ್ಲಿಂದ ಗಡಿ ದಾಟಿದರೆ ಸಿಗುವ ಮಾಲೂರು ತಾಲ್ಲೂಕಿನ ಮಾಸ್ತಿ ಊರಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಮನೆಮಾತು ತಮಿಳು. ದ.ರಾ. ಬೇಂದ್ರೆ ಅವರ ಮನೆಮಾತು ಮರಾಠಿ. ಇಬ್ಬರೂ ಕನ್ನಡಕ್ಕೆ ಜ್ಞಾನಪೀಠ ತಂದರು. ಬೇಂದ್ರೆ 1973ರಲ್ಲಿ, ಮಾಸ್ತಿ 1983ರಲ್ಲಿ.

ಕನ್ನಡ ಬರೆಯಲು ಬಾರದವರು ಸಂಭಾಷಣೆಯನ್ನು ತಮಿಳು ಲಿಪಿಯಲ್ಲಿ ಬರೆದುಕೊಳ್ಳಲು ಹೋಗುತ್ತಾರೆ. ಅಲ್ಲೊಂದು ತೊಡಕಿದೆ. ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬ ಬೇರೆ ಬೇರೆ ಅಕ್ಷರಗಳಲ್ಲ. ‘ಗಾಡಿ’ ಬರೆದರೂ ‘ಕಾಡಿ’ ಬರೆದರೂ ಒಂದೇ. ಓದಿ ಹೇಳುವವನ ಬಾಯಲ್ಲಿ ‘ಬಾಗಿಲು’ ಹೋಗಿ ‘ಪಾಗಿಲು’ ಆದೀತು! ಅದಕ್ಕಿಂತ ಸುಲಭದ ದಾರಿ ಇದೆ. ದೃಶ್ಯ ವಿವರಿಸಿ, ಮನೆಯ ಹಿರಿಯರಿಂದ ಆ ಮಾತನ್ನು ಆಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅದನ್ನು ಕೇಳಿ ಕೇಳಿ ನಟರು ಕಲಿಯಲಿ. ಆಗ ಉಚ್ಚಾರವೂ ಸರಿಬರುತ್ತದೆ, ಪುಸ್ತಕದ ಕನ್ನಡ ಬಂದು ಅಡ್ಡ ಕೂರುವುದೂ ಇಲ್ಲ.

ನಟರಿಗಾಗಿಯೂ ದೂರ ಹೋಗಬೇಕಿಲ್ಲ. ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ ಚಿತ್ರದಲ್ಲಿ ಅಭಿನಯಿಸಿದವರು ಮಂಡ್ಯ ಕಡೆಯ ಹಳ್ಳಿಗರು. ಬರೆದವರು ಅದೇ ಸೀಮೆಯ ಈರೇಗೌಡ. 2015ರಲ್ಲಿ ಅದು ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಪಡೆಯಿತು. ಉತ್ತರ ಕನ್ನಡದ ನಟೇಶ್ ಹೆಗಡೆ ಮೊದಲು ಕಿರುಚಿತ್ರಗಳನ್ನು ಮಾಡಿ, ನಂತರ ‘ಪೆಡ್ರೊ’ ತೆಗೆದಾಗ ಮುಖ್ಯ ಪಾತ್ರಕ್ಕೆ ನಿಲ್ಲಿಸಿದ್ದು ತಮ್ಮ ತಂದೆಯನ್ನೇ! ಅದು 2021ರಲ್ಲಿ ಕೊರಿಯಾದ ಬುಸಾನ್ ಚಿತ್ರೋತ್ಸವಕ್ಕೆ ಹೋಯಿತು.

ರೀಲಿನ ಲೆಕ್ಕ, ಫೋನಿನ ಧಾರಾಳ

ಫಿಲಂ ಇದ್ದ ಕಾಲದಲ್ಲಿ 16 ಎಂ.ಎಂ.ನ 400 ಅಡಿ ರೀಲು ಓಡುತ್ತಿದ್ದುದು ಸುಮಾರು 11 ನಿಮಿಷ. ವಿದ್ಯಾರ್ಥಿಗೆ ಸಿಗುವ ರೀಲು ಲೆಕ್ಕದ್ದು. ಒಂದು ಟೇಕ್ ಹಾಳಾದರೆ ಕಾಸು ಹೋದಂತೆ. ಆಮೇಲೆ ಬಂದದ್ದು ಹ್ಯಾಂಡಿಕ್ಯಾಮ್, ಒಂದು ಗಂಟೆಯ ಮಿನಿ ಡಿ.ವಿ. ಕ್ಯಾಸೆಟ್. ಮದುವೆ ವಿಡಿಯೊ ಸ್ಟುಡಿಯೊಗಳೇ ಆಗ ಹುಡುಗರ ಎಡಿಟಿಂಗ್ ಶಾಲೆ. 2005ರಲ್ಲಿ ಯೂಟ್ಯೂಬ್ ಬಂತು. ಈಗಂತೂ ಫೋನಿನಲ್ಲೇ ತೆಗೆದು, ಫೋನಿನಲ್ಲೇ ಕತ್ತರಿಸಿ, ಫೋನಿನಲ್ಲೇ ತೋರಿಸಬಹುದು.

ಆದರೆ ಖರ್ಚಿಲ್ಲ ಅಂತ ಕಂಡದ್ದನ್ನೆಲ್ಲ ತೆಗೆಯುತ್ತಾ ಹೋದರೆ ಕೊನೆಗೆ ಕೂತು ಆರಿಸುವವನ ಪಾಡು ದೇವರಿಗೇ ಪ್ರೀತಿ. ತೆಗೆಯುವ ಮೊದಲು ಕಾಗದದ ಮೇಲೆ ಯೋಜನೆ ಇರಬೇಕು. ಚಿತ್ರಕಥೆಯ ಒಂದು ಪುಟ ಸುಮಾರು ಒಂದು ನಿಮಿಷ ಎನ್ನುವುದು ಸಿನಿಮಾದವರ ಹಳೆಯ ಲೆಕ್ಕ. ಹತ್ತು ನಿಮಿಷದ ಚಿತ್ರಕ್ಕೆ ಹತ್ತು ಪುಟ. ಮೊದಲ ಸಲ ಮಾಡುವವರು ಐದು ಪುಟ ದಾಟದಿದ್ದರೆ ಒಳ್ಳೆಯದು.

ಹೊಸಬರ ಚಿತ್ರಗಳು ಸಾಮಾನ್ಯವಾಗಿ ಸೋಲುವುದು ಧ್ವನಿಯಲ್ಲಿ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಹೆದ್ದಾರಿ ಪಕ್ಕದ ಊರುಗಳಲ್ಲಿ ಲಾರಿ ಸದ್ದು ನಿಲ್ಲುವುದೇ ಇಲ್ಲ. ಕೈಯಲ್ಲಿ ದುಡ್ಡಿದ್ದರೆ ಲೆನ್ಸಿಗಿಂತ ಮೊದಲು ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಕೊಳ್ಳುವುದು ವಾಸಿ. ಅದೂ ಇಲ್ಲವೆ? ಇನ್ನೊಂದು ಫೋನನ್ನು ನಟನ ಹತ್ತಿರ, ಕ್ಯಾಮೆರಾಕ್ಕೆ ಕಾಣದಂತೆ ಇಟ್ಟು ಧ್ವನಿ ಮುದ್ರಿಸಬಹುದು. ಶುರುವಿನಲ್ಲಿ ಒಂದು ಸಲ ಚಪ್ಪಾಳೆ ತಟ್ಟಿದರೆ ಚಿತ್ರ, ಧ್ವನಿ ಎರಡನ್ನೂ ಆಮೇಲೆ ಹೊಂದಿಸುವುದು ಸುಲಭ.

ಪರವಾನಗಿ ಮರೆಯಬೇಡಿ

ಹುಡುಗರು ಉತ್ಸಾಹದಲ್ಲಿ ಮರೆಯುವುದು ಇದನ್ನೇ. ದೆಂಕಣಿಕೋಟೆ, ಅಂಚೆಟ್ಟಿ ಭಾಗದ ಕಾಡಿನ ದೊಡ್ಡ ಪಾಲು 2014ರಿಂದ ಕಾವೇರಿ ಉತ್ತರ ವನ್ಯಜೀವಿಧಾಮ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಕ್ಯಾಮೆರಾ ಇಡುವುದು ಆಮೇಲಿನ ಮಾತು. ಆನೆ ಬಂದಿದೆ ಎಂದು ಕೇಳಿ ಫೋನ್ ಹಿಡಿದು ಓಡುವುದು ಸಿನಿಮಾ ಅಲ್ಲ, ಪ್ರಾಣಕ್ಕೆ ಸಂಚಕಾರ. ರೈಲು ನಿಲ್ದಾಣ, ಹಳಿಗಳ ಮೇಲೂ ಅನುಮತಿ ಬೇಕು. ದೇವಸ್ಥಾನ, ಕಾರ್ಖಾನೆ, ಶಾಲೆ ಎಲ್ಲಾದರೂ ಸರಿ, ಸಂಬಂಧಪಟ್ಟವರಿಗೆ ಒಂದು ಅರ್ಜಿ ಬರೆದು ಪ್ರತಿ ಇಟ್ಟುಕೊಳ್ಳುವುದು ಕ್ಷೇಮ. ಡ್ರೋನ್‌ಗೂ 2021ರಿಂದ ಪ್ರತ್ಯೇಕ ನಿಯಮಗಳಿವೆ.

ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕಿದರೆ ಯೂಟ್ಯೂಬ್ ತಡೆಯಬಹುದು, ಸ್ಪರ್ಧೆಯವರು ತಿರಸ್ಕರಿಸಬಹುದು. ಕಥೆಗೂ ಹಾಗೆಯೇ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಕೃತಿಸ್ವಾಮ್ಯ ಇರುತ್ತದೆ. 1986ರಲ್ಲಿ ತೀರಿಕೊಂಡ ಮಾಸ್ತಿಯವರ ಕಥೆಯನ್ನು ಚಿತ್ರ ಮಾಡಬೇಕೆಂದರೆ 2046 ಮುಗಿಯುವವರೆಗೆ ಹಕ್ಕುದಾರರ ಒಪ್ಪಿಗೆ ಬೇಕು. ಅಜ್ಜಿ ಹೇಳಿದ ಜನಪದ ಕಥೆಗೆ ಈ ತಾಪತ್ರಯ ಇಲ್ಲ. ಕಾನ್‌ನಲ್ಲಿ ಗೆದ್ದದ್ದೂ ಅಂಥದ್ದೇ ಅಲ್ಲವೆ!

ಇನ್ನು ಸಾಕ್ಷ್ಯಚಿತ್ರ ಮಾಡುವವರು ಎದುರಿಗಿರುವ ಮನುಷ್ಯನ ಒಪ್ಪಿಗೆ ಕೇಳಬೇಕು. ಬಡವರು ಬೇಡ ಎನ್ನಲು ಹಿಂಜರಿಯುತ್ತಾರೆ ಎಂದು ಅವರ ಮನೆಯೊಳಗೆಲ್ಲ ಕ್ಯಾಮೆರಾ ತಿರುಗಿಸಬಾರದು. ಮುಗಿದ ಮೇಲೆ ಮೊದಲು ಅವರಿಗೇ ತೋರಿಸಬೇಕು. ದುಡ್ಡಿನ ವಿಷಯವಿದ್ದರೆ ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಎಲ್ಲಿ ತೋರಿಸೋದು?

ಚಿತ್ರಮಂದಿರದಲ್ಲಿ ಸಾರ್ವಜನಿಕ ಪ್ರದರ್ಶನ ಮಾಡಬೇಕಾದರೆ 1952ರ ಸಿನಿಮಾಟೊಗ್ರಾಫ್ ಕಾಯ್ದೆಯಂತೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಯೂಟ್ಯೂಬ್‌ಗೆ ಬೇಡ. ಬೆಂಗಳೂರು ಇಲ್ಲಿಂದ 40 ಕಿ.ಮೀ. ಅಲ್ಲಿ ಅಂತರರಾಷ್ಟ್ರೀಯ ಕಿರುಚಿತ್ರೋತ್ಸವವೊಂದು ನಡೆಯುತ್ತದೆ. 1971ರಿಂದ ಇರುವ ಸುಚಿತ್ರಾ ಫಿಲಂ ಸೊಸೈಟಿ ಬನಶಂಕರಿಯಲ್ಲಿದೆ. ಕೇರಳದಲ್ಲಿ 2008ರಿಂದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳ ಉತ್ಸವ ಆಗುತ್ತಿದೆ. ಮುಂಬೈನ ಸಾಕ್ಷ್ಯಚಿತ್ರ ಉತ್ಸವ 1990ರಿಂದ ಇದೆ. ಅರ್ಜಿ ಹಾಕುವ ಮುನ್ನ ಚಿತ್ರ ಎಷ್ಟು ನಿಮಿಷ ಇರಬೇಕು, ಶುಲ್ಕ ಇದೆಯೆ, ಮೊದಲೇ ಯೂಟ್ಯೂಬಿಗೆ ಹಾಕಿದ್ದರೆ ನಡೆಯುತ್ತದೆಯೆ ಎಂದು ಓದಿಕೊಳ್ಳಬೇಕು. ದುಡ್ಡು ಕಟ್ಟಿದವರಿಗೆಲ್ಲ ಪ್ರಶಸ್ತಿ ಪತ್ರ ಕಳಿಸುವ ‘ಆನ್‌ಲೈನ್ ಉತ್ಸವ’ಗಳೂ ಇವೆ, ಜೋಕೆ.

ಆದರೆ ಮೊದಲ ಪ್ರದರ್ಶನ ಊರಲ್ಲೇ ಆಗಲಿ. ಶಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಒಂದು ಪ್ರೊಜೆಕ್ಟರ್ ತಂದರೆ ಸಾಕು. ತಮ್ಮೂರಿನ ಮಾತನ್ನು ಪರದೆಯ ಮೇಲೆ ಕೇಳಿದ ಜನ ಎಲ್ಲಿ ನಗುತ್ತಾರೆ, ಎಲ್ಲಿ ಎದ್ದು ಹೋಗುತ್ತಾರೆ ಎನ್ನುವುದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ.

ಹೊಟ್ಟೆಪಾಡಿನ ಪ್ರಶ್ನೆ

‘ಸಿನಿಮಾ ಮಾಡಿದ್ರೆ ಅನ್ನ ಹುಟ್ಟುತ್ತಾ?’ ಅಪ್ಪ ಅಮ್ಮ ಕೇಳುವ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ನಿರ್ದೇಶಕರಾಗಿ ಹೆಸರು ಮಾಡುವವರು ನೂರಕ್ಕೊಬ್ಬರು. ಆದರೆ ಸಂಕಲನ, ಧ್ವನಿ, ಕ್ಯಾಮೆರಾ, ಸಬ್‌ಟೈಟಲ್ ಇವು ಕೈಕಸುಬು. ಕಲಿತವನಿಗೆ ಮದುವೆ ವಿಡಿಯೊದಿಂದ ಹಿಡಿದು ಜಾಹೀರಾತಿನವರೆಗೆ ಕೆಲಸ ಇದೆ. ಅದರಲ್ಲೂ ಮೂರ್ನಾಲ್ಕು ಭಾಷೆ ಬಲ್ಲ ಗಡಿಯ ಹುಡುಗ ಡಬ್ಬಿಂಗ್, ಸಬ್‌ಟೈಟಲ್ ಕೆಲಸಕ್ಕೆ ಹೇಳಿ ಮಾಡಿಸಿದವನು.

ಓದಬೇಕೆನ್ನುವವರಿಗೆ ದಾರಿಗಳಿವೆ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಸಿನಿಮಾ ಛಾಯಾಗ್ರಹಣ ಕಲಿಸುತ್ತಿದ್ದರು. ಗುರುದತ್ ಚಿತ್ರಗಳಿಗೆ ಕ್ಯಾಮೆರಾ ಹಿಡಿದ ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಕಲಿತವರೇ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಆ ಪರಂಪರೆಯ ಸರ್ಕಾರಿ ಫಿಲಂ ಸಂಸ್ಥೆ ಈಗ ಹೆಸರಘಟ್ಟದಲ್ಲಿದೆ. ಚೆನ್ನೈನ ತರಮಣಿಯಲ್ಲಿ ಎಂ.ಜಿ.ಆರ್. ಹೆಸರಿನ ಸರ್ಕಾರಿ ಫಿಲಂ ಸಂಸ್ಥೆ ಇದೆ. ಕೇಂದ್ರದ ಸಂಸ್ಥೆಗಳಲ್ಲಿ ಒಂದು 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೊ ಜಾಗದಲ್ಲಿ ಶುರುವಾದ ಪುಣೆಯದು, ಇನ್ನೊಂದು ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ. ಪುಣೆಯ ಹೆಚ್ಚಿನ ಕೋರ್ಸುಗಳಿಗೆ ಯಾವ ಪದವಿಯಾದರೂ ಸರಿ, ಪ್ರವೇಶ ಪರೀಕ್ಷೆ ಪಾಸಾಗಬೇಕು. ಬಿ.ಎ., ಬಿ.ಕಾಂ. ಮಾಡಿದವರೂ ಪ್ರಯತ್ನಿಸಬಹುದು.

ಕೋರ್ಸು, ಸೀಟು, ಪ್ರಶಸ್ತಿ ಆಮೇಲಿನದು. ಅದಕ್ಕೆ ಮೊದಲು ಮಾಡಬಹುದಾದ ಕೆಲಸವೊಂದಿದೆ. ಗಡಿಯ ಹಳ್ಳಿಗಳಲ್ಲಿ ‘ನಮ್ಮ ಕಡೆ ಮಾತು’ ಆಡುವ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ರಾಗಿ ಬೀಸುವಾಗ ಹೇಳುವ ಪದ, ದನಕ್ಕೆ ಕರೆಯುವ ಕೂಗು, ತಮಿಳು ತೆಲುಗು ಬೆರೆತ ಬೈಗುಳ ಎಲ್ಲ ಅವರ ಬಾಯಲ್ಲಿದೆ. ಅದರಲ್ಲಿ ಎಷ್ಟೋ ಯಾವ ಪಠ್ಯಪುಸ್ತಕದಲ್ಲೂ ಸಿಗುವುದಿಲ್ಲ. ಮೊಮ್ಮಗನಿಗೆ ಅದನ್ನು ಬರೆದಿಡಲು ಬಾರದು ನಿಜ. ಆದರೆ ಜೇಬಿನಲ್ಲಿ ಫೋನ್ ಇದೆ. ಈ ಭಾನುವಾರ ಅಜ್ಜಿಯ ಎದುರು ಕೂತು, ಕೇಳಿ, ಹತ್ತು ನಿಮಿಷ ತೆಗೆದರೆ ಅದೇ ಮೊದಲ ಕಿರುಚಿತ್ರ.